ಇಜೇರಿಯ ಪತಂಗ, ಅತನೂರಿನ ಚೀಟಿ

ಮೊನ್ನೆ ಆಳಂದದ ಮನೆಯಲ್ಲಿ ಅಮ್ಮಿ ಟ್ರಂಕು ತೆಗೆದಳು. ಡಾಂಬರ ಗುಳಿಗೆಯ ವಾಸನೆ ಕೋಣೆಯ ತುಂಬ ಹರಡಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆ, ಹಬ್ಬ, ಮಡಿಕೆ ಬಿಚ್ಚದ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಗುಂಡುಸೂಜಿ, ಅದರ ಮೇಲೆ ಎರಡು ಗೋಧಿಕಾಳಿನಷ್ಟು ಉದ್ದದ ಒಂದು ಪತಂಗ, ಅದರ ಕೆಳಗೆ ನನ್ನ ಚಂದದ ಕೈಬರಹದಲ್ಲಿ ಒಂದು ಸುಳ್ಳು.

ಅಮ್ಮಿ ಹಸಿರು ಸೀರೆಯೊಂದನ್ನು ಮಡಿಲ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದಳು. "ಇದು ನಿಮ್ಮ ಖಾಲಾಗ ಕೊಟ್ಟ ಬಾ. ನೀ ಇಜೇರಿಗಿ ಹೋಗಿ ನಾಕ ವರ್ಷಾತು. ಏನ್ ಬೇ, ಆಕಿ ಜೋಡಿ ಜಗಳ ಆಡೀಯೇನು?"

"ಜಗಳ ಏನಿಲ್ಲಮ್ಮಿ."

ಜಗಳವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಜಗಳದಲ್ಲಿ ತಪ್ಪನ್ನು ಇಬ್ಬರ ನಡುವೆ ಹಂಚಿಕೊಳ್ಳಬಹುದು.

ನಾಲ್ಕು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಹುಳ ಎಣಿಸುವ ಕೆಲಸಕ್ಕಿದ್ದೆ. ಕಾಗದದ ಮೇಲೆ ಅದಕ್ಕೆ ದೊಡ್ಡ ಹೆಸರಿತ್ತು, ಹುಲ್ಲುಗಾವಲಿನ ಕೀಟಗಳ ಸಮೀಕ್ಷೆ ಎಂದು. ನಮ್ಮ ಅಬ್ಬಾ ಆಳಂದದಲ್ಲಿ ಮೇಷ್ಟ್ರು. ಮಗಳು ಎಮ್ಮೆಸ್ಸಿ ಮಾಡಿ ಬಲೆಯ ಜಾಳಿಗೆ ಹಿಡಿದುಕೊಂಡು ಗಾಯರಾಣ ತಿರುಗುತ್ತಾಳೆಂದು ಯಾರಿಗೂ ಹೇಳುತ್ತಿರಲಿಲ್ಲ. ಗಾಯರಾಣವೆಂದರೆ ಊರ ದನ ಮೇಯುವ ಸಾರ್ವಜನಿಕ ಬಯಲು. ನನ್ನ ಪಾಲಿಗೆ ಎರಡು ಬಂದಿದ್ದವು. ಒಂದು ಆಳಂದ ತಾಲೂಕಿನ ಮಾದನಹಿಪ್ಪರಗಾ, ಇನ್ನೊಂದು ಅಫಜಲಪುರ ತಾಲೂಕಿನ ಅತನೂರ. ಬೇರೆಯವರ ಪಾಲಿಗೆ ಜೇವರ್ಗಿ ತಾಲೂಕಿನದೊಂದನ್ನು ಆರಿಸುವಾಗ ನಮ್ಮ ಬಿರಾದಾರ ಸರ್ ಕೇಳಿದ್ದರು, "ಶಾಹೀನಾ, ಆ ಕಡಿ ನಿಮ್ಮವರು ಯಾರರೆ ಅದಾರೇನವ್ವಾ? ಇದ್ರ ಊರು ತೋರಸಾಕ ಅನುಕೂಲ ಆಗ್ತದ."

"ಯಾರೂ ಇಲ್ರಿ ಸರ್," ಎಂದೆ.

ಇದ್ದಳು. ಅಮ್ಮಿಯ ಸ್ವಂತ ಅಕ್ಕ, ಮೈಬೂಬಿ ಖಾಲಾ, ಜೇವರ್ಗಿ ತಾಲೂಕಿನ ಇಜೇರಿಯಲ್ಲಿ. ಆಕೆ ಗಾಯರಾಣದಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ಎಮ್ಮೆ ಕಟ್ಟಿದವರ ಮನೆಗೆ ತಲೆಯ ಮೇಲೆ ಹೊತ್ತು ಹಾಕುತ್ತಿದ್ದಳು. ಹಾಸ್ಟೆಲಿನಲ್ಲಿ ನಾನು "ಇಜೇರಿಯಾಗ ನಮ್ಮ ಖಾಲಾರದ್ದು ಹೊಲ ಅದ" ಎಂದು ಯಾವಾಗಲೋ ಬಡಾಯಿ ಬಿಟ್ಟಿದ್ದೆ. ಖಾಲಾಗೆ ಇದ್ದದ್ದು ಒಂದು ಕುಡಗೋಲು, ಒಂದು ಸಿಂಬಿ. ಚಿಕ್ಕವಳಿದ್ದಾಗ ಅವಳ ಹೊರೆಯ ಮೇಲೆ ಕೂತು ಊರೊಳಗೆ ಬಂದವಳು ನಾನೇ. ಓದು ತಲೆಗೇರಿದ ಮೇಲೆ ಅವಳ ಸೀರೆಯ ಹುಲ್ಲಿನ ವಾಸನೆಗೆ ಮೂಗು ಮುರಿದವಳೂ ನಾನೇ.

ಹುಲ್ಲು ಪತಂಗಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಣ್ಣ ಒಣಹುಲ್ಲಿನದು. ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡು ಕುಳಿತರೆ ಕಡ್ಡಿಯ ಮೇಲೆ ಇನ್ನೊಂದು ಕಡ್ಡಿ ಅಂಟಿದಂತೆ ಕಾಣುತ್ತದೆ. ಮುಖದ ಮುಂದೆ ಮೂತಿಯಂತೆ ಚಾಚಿದ ಎರಡು ಕುಡಿಗಳು ಮಾತ್ರ ಇದು ಹುಲ್ಲಲ್ಲ ಎಂದು ಹೇಳುತ್ತವೆ. ಇವುಗಳ ಹತ್ತಿರದ ಸಂಬಂಧಿಯೊಂದು ಜೋಳದ ಸುಳಿ ಕೊರೆದು ಹಾಳು ಮಾಡುತ್ತದೆ. ಅದಕ್ಕೆ ಹೆಸರಿದೆ, ಔಷಧಿಯಿದೆ, ಗೋಡೆಗೆ ಅಂಟಿಸುವ ಕಾಗದವಿದೆ. ಯಾರ ಬೆಳೆಗೂ ಬಾಯಿ ಹಾಕದೆ ಗಾಯರಾಣದ ಹುಲ್ಲಿನ ಬುಡದಲ್ಲಿ ಹುಟ್ಟಿ ಸಾಯುವ ಬಡಪಾಯಿಗಳನ್ನು ಕೇಳುವವರಿಲ್ಲ. ಬಿರಾದಾರ ಸರ್ ಒಬ್ಬರು ಕೇಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಮೊಣಕಾಲು ನೋವು ಬೇರೆ. ಆದರೂ ಬಸ್ಸಿಳಿದು ಹುಲ್ಲು ಕಂಡರೆ ಹಬ್ಬಕ್ಕೆ ಬಂದವರ ಹಾಗೆ ಮುಖ ಅರಳುತ್ತಿತ್ತು.

ಅವರು ನಮಗೆ ಕಲಿಸಿದ ಮೊದಲ ಪಾಠ ಚೀಟಿಯದು. ಹಿಡಿದ ಪ್ರತಿ ಹುಳಕ್ಕೂ ಸೂಜಿ ಚುಚ್ಚಬೇಕು, ಅದೇ ಸೂಜಿಗೆ ಹುಳದ ಕೆಳಗೆ ಬೆರಳುಗುರಿನಷ್ಟು ಗಟ್ಟಿ ಕಾಗದದ ಚೀಟಿ. ಅದರಲ್ಲಿ ಊರು, ದಿನ, ಹಿಡಿದವರ ಹೆಸರು. "ಚೀಟಿ ಇಲ್ಲದ ಹುಳ ಹುಳ ಅಲ್ಲ ನೋಡವ್ವಾ, ಕಸ," ಎನ್ನುತ್ತಿದ್ದರು. ಸಂಜೆ ದಣಿದು ಬಂದು ಸಣ್ಣ ಅಕ್ಷರ ಬರೆಯುವುದು ತ್ರಾಸು. ಅದಕ್ಕೇ ನಾನು ಬೆಳಿಗ್ಗೆಯೇ ಹತ್ತಿಪ್ಪತ್ತು ಚೀಟಿ ಬರೆದಿಟ್ಟುಕೊಂಡು ಹೊರಡುತ್ತಿದ್ದೆ. ಸರ್‌ಗೆ ಗೊತ್ತಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ.

ಸೆಪ್ಟೆಂಬರಿನ ಉತ್ತರಿ ಮಳೆ ಹಿಡಿದಿತ್ತು. ಅವತ್ತು ನಾನು ಅತನೂರಿಗೆ ಹೋಗಬೇಕಾದ ದಿನ. ಚೀಟಿಗಳೆಲ್ಲ ಸಿದ್ಧ: ಅತನೂರ, ತಾರೀಖು, ನನ್ನ ಹೆಸರು. ಬಸ್ ಸ್ಟ್ಯಾಂಡಿನಲ್ಲಿದ್ದಾಗ ಅಮ್ಮಿಯ ಫೋನ್ ಬಂತು. ಖಾಲಾಗೆ ಎಂಟು ದಿನದಿಂದ ಜ್ವರವಂತೆ, ಒಂದು ಸಲ ಕಣ್ಣಲ್ಲಿ ನೋಡಿ ಬಾ ಎಂದಳು. ಬೈದುಕೊಳ್ಳುತ್ತಲೇ ಜೇವರ್ಗಿ ಬಸ್ ಹತ್ತಿದೆ. ಒಂದು ದಿನ ಅತನೂರ ತಪ್ಪಿದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ.

ಇಜೇರಿಯಲ್ಲಿ ಖಾಲಾ ಮನೆಯಲ್ಲಿರಲಿಲ್ಲ. ಜ್ವರ ಬಿಟ್ಟ ಮರುದಿನವೇ ಹುಲ್ಲಿಗೆ ಹೋಗಿದ್ದಳು. ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು. ಗಾಯರಾಣದ ಒಂದು ಕೊನೆ ಬರೀ ಕಲ್ಲು. ಇನ್ನೊಂದು ಕೊನೆ ತಗ್ಗು. ಅಲ್ಲಿ ನೀರು ನಿಂತು ಇಂಗಿ, ಕರಡ ಹುಲ್ಲು ಮೊಣಕಾಲು ಮುಚ್ಚುವಷ್ಟು ಬೆಳೆದಿತ್ತು. ಖಾಲಾ ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಕುಡಗೋಲು ಹಿಡಿದು ನಿಂತಿದ್ದಳು. ನಾವು ಮನೆಯಲ್ಲಿ ಉರ್ದು ಆಡುವವರು. ಆದರೆ ಹುಲ್ಲಿನೊಳಗೆ ಕಾಲಿಟ್ಟರೆ ಖಾಲಾ ಪೂರ್ತಿ ಕನ್ನಡಕ್ಕೆ ಬರುತ್ತಿದ್ದಳು, ನನ್ನೊಂದಿಗೂ.

"ಅಲ್ಲೇ ನಿಂದ್ರು ಬೇಟಾ. ಮೊದಲ ಕೋಲ ಆಡಸ್ತೇನಿ, ಹಾವಿದ್ರ ಹೋಗ್ಲಿ."

ಕೋಲು ಹುಲ್ಲಿನ ಮೇಲೆ ಹಾಯ್ದ ಕೂಡಲೇ ಏಳೆಂಟು ಪತಂಗಗಳು ಎದ್ದವು. ನಾಲ್ಕು ಮಾರು ಹಾರಿ ಮತ್ತೆ ಕಡ್ಡಿಗಳ ಮೇಲೆ ಕುಳಿತವು, ಎಲ್ಲವೂ ತಲೆ ಕೆಳಗೆ ಮಾಡಿ. ನಾನು ಬಗ್ಗಿ ನೋಡಿದೆ. ಕೆನೆಬಣ್ಣದ ರೆಕ್ಕೆಯ ಉದ್ದಕ್ಕೂ ಬೆಳ್ಳಿಯ ಒಂದು ಗೆರೆ, ಆ ಗೆರೆ ಎರಡು ಕಡೆ ತುಂಡಾಗಿತ್ತು. ಮಾದನಹಿಪ್ಪರಗಾದಲ್ಲೂ ಅತನೂರಿನಲ್ಲೂ ನೂರಾರು ಹುಲ್ಲು ಪತಂಗ ನೋಡಿದ್ದೆ. ಈ ತುಂಡುಗೆರೆಯದನ್ನು ನೋಡಿರಲಿಲ್ಲ. ಜಾಳಿಗೆ ಬೀಸಿದೆ, ತಪ್ಪಿತು. ಮತ್ತೆ ಬೀಸಿದೆ. ಮೂರನೆಯ ಸಲ ಕೆಸರಿನಲ್ಲಿ ಕುಂಡೆಯೂರಿ ಕೂತೆ.

ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಮ್ಮೆಸ್ಸಿಯಾಗ ಇದನ್ನ ಕಲಿಸಿಲ್ಲೇನ್ ಬೇ? ಮ್ಯಾಗಿಂದ ಹಿಡದ್ರ ಹಾರ್ತದ ಅದು. ಆ ಬಾಟ್ಲಿ ಕೊಡು." ಔಷಧಿಯ ಸಣ್ಣ ಸೀಸೆಯನ್ನು ಕಡ್ಡಿಯ ಕೆಳಗಿನಿಂದ ಮೆಲ್ಲಗೆ ಮೇಲೆ ತಂದಳು. ತಲೆ ಕೆಳಗಾಗಿದ್ದ ಪತಂಗ ತಾನೇ ನಾಲ್ಕು ಹೆಜ್ಜೆ ಇಳಿದು ಸೀಸೆಯೊಳಗೆ ಹೋಯಿತು.

ಆಮೇಲೆ ಅವಳು ಹೇಳಿದ್ದನ್ನೆಲ್ಲ ನಾನು ಬಾಯಿ ತೆರೆದು ಕೇಳಿದೆ. ಇವು ಉತ್ತರಿಯಲ್ಲಿ ಹದಿನೈದು ದಿನ ಕಾಣುತ್ತವೆ, ಮುಂದಿನ ವರ್ಷದವರೆಗೆ ಮತ್ತೆ ಇಲ್ಲ. ಈ ತಗ್ಗಿನಲ್ಲಿ ಮಾತ್ರ, ಕಲ್ಲಿನ ಕಡೆ ಇಲ್ಲ. ಹುಲ್ಲಿನ ಬುಡ ಬಿಡಿಸಿ ತೋರಿಸಿದಳು. ಅಲ್ಲಿ ನೂಲಿನ ಒಂದು ಸಣ್ಣ ಕೊಳವೆ, ಹೊರಗೆ ಮಣ್ಣು ಮೆತ್ತಿದ್ದು. ಅದರೊಳಗೆ ಮರಿಹುಳ ಮಲಗುತ್ತದೆ, ಹೊತ್ತು ಇಳಿದ ಮೇಲೆ ಬಂದು ಹುಲ್ಲು ಕಚ್ಚುತ್ತದೆ.

"ಈ ಕೊಳವಿ ಇರೋ ಗಡ್ಡಿ ನಾ ಕೊಯ್ಯಂಗಿಲ್ಲ. ಎಮ್ಮಿ ಮೂಸಿ ಬಿಡ್ತದ. ಮತ್ತ ಅದರ ಮನೀನೂ ಹಾಳು. ಇಲ್ನೋಡು, ಇನ್ನೊಂದು ಮಜಾ." ಇನ್ನೊಂದು ಪತಂಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ತೆರೆದಾಗ ಅದು ಹಾರಿತು. ಅಂಗೈ ಮೇಲೆ ಹತ್ತಾರು ತತ್ತಿ ಉಳಿದಿದ್ದವು, ಸಣ್ಣ ರವೆಯಂಥವು. "ಬ್ಯಾರೆ ಹುಳ ಎಲಿಗಿ ತತ್ತಿ ಅಂಟಸ್ತಾವು. ಇದು ಹಂಗ ಅಲ್ಲ. ಬಿತ್ತಿದಂಗ ಉದುರಿಸಿ ಹೋಗ್ತದ." ಅಂಗೈ ಬಗ್ಗಿಸಿ ಅವನ್ನು ಹುಲ್ಲಿನ ಬುಡಕ್ಕೆ ಉದುರಿಸಿದಳು.

ಹೊರಡುವಾಗ ಕೇಳಿದಳು, "ಇದನ್ನ ಏನ್ ಮಾಡ್ತಿ?"

"ಪೆಟ್ಟಿಗ್ಯಾಗ ಇಡ್ತೇವಿ ಖಾಲಾ. ಊರ ಹೆಸರು, ಹಿಡದವರ ಹೆಸರು ಬರದು."

"ನನ್ನ ಹೆಸರು?" ಕುಡಗೋಲು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಲಬುರಗಿಯಾಗ ನನ್ನ ಹೆಸರು ಬರದ ಇಡ್ತೀರಿ?"

"ಹೌದು ಖಾಲಾ."

ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಅಷ್ಟನ್ನು ನಾನು ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ.

ಮರುದಿನ ಪ್ರಯೋಗಾಲಯದಲ್ಲಿ ಪತಂಗಕ್ಕೆ ಸೂಜಿ ಚುಚ್ಚಿ, ರೆಕ್ಕೆ ಬಿಡಿಸಿಟ್ಟೆ. ಹೊಸ ಚೀಟಿ ಕತ್ತರಿಸಿ ಪೆನ್ನು ಹಿಡಿದೆ. ಇಜೇರಿ ಎಂದು ಬರೆದರೆ ಅತನೂರ ತಪ್ಪಿಸಿದ್ದೇಕೆ ಎಂದು ಸರ್ ಕೇಳುತ್ತಾರೆ. ಹಿಡಿದವರು ಮೈಬೂಬಿ ಎಂದು ಬರೆದರೆ ಯಾರವ್ವಾ ಈಕಿ ಎಂದು ಕೇಳುತ್ತಾರೆ. ನಮ್ಮ ಖಾಲಾ, ಹುಲ್ಲು ಮಾರುವವಳು. ಆ ಕಡೆ ಯಾರೂ ಇಲ್ಲ ಅಂದಿದ್ದೆಯಲ್ಲ? ಹಾಸ್ಟೆಲಿನವರಿಗೆ ಹೊಲ ಇದೆ ಅಂದಿದ್ದೆಯಲ್ಲ? ಪೆನ್ನಿನ ಮಸಿ ಆರುವವರೆಗೂ ಕೂತಿದ್ದೆ. ಬ್ಯಾಗಿನಲ್ಲಿ ಹಿಂದಿನ ದಿನ ಬೆಳಿಗ್ಗೆ ಬರೆದ ಚೀಟಿಗಳು ಬಿದ್ದಿದ್ದವು: ಅತನೂರ, ನನ್ನ ಹೆಸರು. ಹೊಸದಾಗಿ ಸುಳ್ಳು ಬರೆಯುವ ಕಷ್ಟವೂ ಬೀಳಲಿಲ್ಲ. ಒಂದನ್ನು ಎತ್ತಿ ಸೂಜಿಗೆ ಚುಚ್ಚಿದೆ.

ಸರ್ ಆ ಪತಂಗ ನೋಡಿ ಎದ್ದು ನಿಂತರು. ಎರಡು ದಿನ ಪುಸ್ತಕಗಳ ರಾಶಿಯಲ್ಲಿ ಮುಳುಗಿದರು, ಬೇರೆ ಊರಿನ ಗೆಳೆಯರಿಗೆ ಫೋಟೋ ಕಳಿಸಿದರು. ಯಾರಿಗೂ ಗೊತ್ತಾಗಲಿಲ್ಲ. "ಇದಕ್ಕ ಇನ್ನೂ ಯಾರೂ ಹೆಸರ ಇಟ್ಟಿಲ್ಲ ಅನಸ್ತದ," ಎಂದರು. ಆದರೆ ಇದು ಹೆಣ್ಣು, ಒಂದೇ ಒಂದು. ಗಂಡು ಸಿಗದೆ, ಇನ್ನೂ ನಾಲ್ಕಾರು ಸಿಗದೆ ಹೆಸರಿಡುವಂತಿಲ್ಲ. "ಇದರ ಬಗ್ಗೆ ಏನೇನು ನೋಡಿದಿ ಹೇಳು," ಎಂದಾಗ ನಾನು ತಲೆ ಕೆಳಗೆ ಕೂರುವುದು, ನೂಲಿನ ಕೊಳವೆ, ಅಂಗೈ ಮೇಲಿನ ತತ್ತಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ, ನಾನೇ ಕಂಡುಹಿಡಿದವಳಂತೆ. ಸರ್ ಬರೆದುಕೊಂಡು, ಪಕ್ಕದಲ್ಲಿ ನನ್ನ ಹೆಸರು ಹಾಕಿ, "ಎಂಥಾ ಕಣ್ಣವ್ವಾ ನಿಂದು!" ಎಂದರು. ಆ ಹೊಗಳಿಕೆ ನನಗೆ ಸಿಹಿಯಾಗಿಯೇ ಇತ್ತು. ಇದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ.

ಆಮೇಲೆ ಶುರುವಾಯಿತು ಅತನೂರಿನ ಓಡಾಟ. ವಾರಕ್ಕೆರಡು ಸಲ ಸರ್ ನನ್ನೊಂದಿಗೆ ಬಸ್ಸಿಳಿದು, ಮೊಣಕಾಲಿಗೆ ಪಟ್ಟಿ ಬಿಗಿದು, ಆ ಗಾಯರಾಣವನ್ನು ಕೊನೆಯಿಂದ ಕೊನೆಗೆ ನಡೆದರು. ಪ್ರತಿ ಪತಂಗ ಎದ್ದಾಗಲೂ "ಅದೇನಾ?" ಎಂದು ತಿರುಗುತ್ತಿದ್ದರು. "ಅಲ್ರಿ ಸರ್" ಎನ್ನುತ್ತಿದ್ದೆ. ಅಲ್ಲ ಎಂದು ನನಗೆ ಬಸ್ ಹತ್ತುವ ಮೊದಲೇ ಗೊತ್ತಿರುತ್ತಿತ್ತು. ಹದಿನೈದು ದಿನ ಕಳೆದವು. ಉತ್ತರಿ ಹೋಗಿ ಹಸ್ತ ಬಂತು. ಇಜೇರಿಯ ತಗ್ಗಿನಲ್ಲಿ ಗಂಡು ಪತಂಗಗಳು ಹಾರಾಡಿ, ಸತ್ತು, ಮುಗಿದವು. ಸರ್ ಗಿಡದ ನೆರಳಿನಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುವಾಗ ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ, ನೀರು ಬೇಕೇನ್ರಿ ಎಂದು ಕೇಳಿ ಮುಚ್ಚುತ್ತಿದ್ದೆ.

ದೀಪಾವಳಿಯ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ಸರ್ ನನ್ನ ಎದುರಿಗೇ ಕೂತು ಆ ಪತಂಗದ ಚಿತ್ರ ಬರೆಯುತ್ತಿದ್ದರು. ಇಜೇರಿಯ ಪಂಚಾಯಿತಿಯಿಂದ ಒಬ್ಬರು ಮಾತಾಡುತ್ತಿದ್ದರು. ಊರಿಗೆ ಕಾಳು ಇಡಲು ಗೋದಾಮು ಬೇಕಾಗಿತ್ತು, ಗಾಯರಾಣದಲ್ಲಿ ಜಾಗ ನೋಡಲು ಎಲ್ಲರೂ ಸೇರಿದ್ದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ.

"ಮೇಡಂ, ಇಲ್ಲೊಬ್ಬರು ಮೈಬೂಬಿ ಅಂತ ಅದಾರ್ರಿ, ನಿಮ್ಮ ನಂಬರ್ ಅವರ ಕೊಟ್ಟಾರ. ಈ ತಗ್ಗಿನ್ಯಾಗ ಒಂದು ಹುಳ ಅದ, ಅದನ್ನ ಕಲಬುರಗಿ ಕಾಲೇಜಿನ್ಯಾಗ ನನ್ನ ಹೆಸರು ಬರದು ಇಟ್ಟಾರ, ಇಲ್ಲಿ ಗೋದಾಮ ಬ್ಯಾಡ, ಕಲ್ಲಿನ ಕಡಿ ಕಟ್ರಿ ಅನ್ನಾಕತ್ತಾರ. ಮಂದಿ ನಗಾಕತ್ತಾರ್ರಿ. ನಮಗೇನು, ಯಾವ ಕಡಿ ಆದ್ರೂ ನಡೀತದ. ನೀವು ಖರೇ ಅಂದ್ರ ಆ ಕಡಿ ಕಟ್ತೇವಿ. ಸ್ಪೀಕರ್ ಹಾಕೇನ್ರಿ, ಎಲ್ಲಾರೂ ಕೇಳಾಕತ್ತಾರ, ಹೇಳ್ರಿ."

ಸರ್ ತಲೆಯೆತ್ತಿ, ಯಾರು ಎಂದು ಹುಬ್ಬಿನಲ್ಲೇ ಕೇಳಿದರು. ಅವರ ಬೆರಳಿನ ಹತ್ತಿರ ಪೆಟ್ಟಿಗೆ ತೆರೆದಿತ್ತು, ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಂದು ಮಾತು ಸಾಕಾಗಿತ್ತು. ಹೌದ್ರಿ. ಅಷ್ಟೇ.

"ಇಲ್ರಿ," ಎಂದೆ. "ಅದು ಅತನೂರಿಂದು."

ಆ ಕಡೆ ಸ್ವಲ್ಪ ದೂರದಿಂದ ಖಾಲಾನ ದನಿ ಕೇಳಿಸಿತು. ನನಗೆ ಹೇಳಿದ್ದಲ್ಲ, ಅಲ್ಲಿದ್ದವರಿಗೆ ಹೇಳಿದ್ದು.

"ಹಂಗಾದ್ರ ನಂದೇ ತಪ್ಪಾಗಿರ್ಬೇಕ್ರಿ ಸಾಹೇಬ್ರ. ಮುದುಕಿ ಅದೇನಿ, ನೆನಪು ಇರಂಗಿಲ್ಲ. ನಮ್ಮ ಹುಡಿಗಿ ಸುಳ್ಳು ಹೇಳಾಕಿ ಅಲ್ರಿ."

ಯಾರೋ ನಕ್ಕರು. ಫೋನ್ ಕಟ್ಟಾಯಿತು. "ಯಾರದವ್ವಾ?" ಎಂದರು ಸರ್. "ಬ್ಯಾರೆ ಕಾಲೇಜಿನವರ್ರಿ ಸರ್, ಪತಂಗ ಯಾವ ಊರಿಂದು ಅಂತ ಕೇಳಿದ್ರು," ಎಂದೆ. ಒಂದು ಸುಳ್ಳು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಸರ್ ನಿವೃತ್ತರಾಗುವವರೆಗೆ, ಮುಂದಿನ ಎರಡೂ ಉತ್ತರಿಗಳಲ್ಲಿ ಅತನೂರಿಗೆ ಹೋದರು. ಕೊನೆಯ ಸಲ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಡಕ್ಟರ್ ಕೈಹಿಡಿದು ಎಳೆದುಕೊಳ್ಳಬೇಕಾಯಿತು. ಬಸ್ಸಿನಲ್ಲೇ, ಅವರ ಪಕ್ಕದಲ್ಲಿ ಕೂತು, ಎಲ್ಲವನ್ನೂ ಹೇಳಿದೆ. ಖಾಲಾ, ಹುಲ್ಲು, ಬೆಳಿಗ್ಗೆಯೇ ಬರೆದ ಚೀಟಿ, ಫೋನು. ಅವರು ಮೊಣಕಾಲಿನ ಪಟ್ಟಿ ಬಿಚ್ಚಿ ಮಡಿಚಿದರು. "ಅತನೂರಾಗ ಎಷ್ಟ ನಡದೇನಿ ಗೊತ್ತೇನವ್ವಾ ನಾ," ಎಂದರು. ಬೈಗುಳ ಅಷ್ಟೇ. ಬಸ್ ಕಲಬುರಗಿ ಮುಟ್ಟಿದಾಗ ಮತ್ತೆ ಮೇಷ್ಟ್ರಾದರು. "ಹಳೇ ಚೀಟಿ ಕಿತ್ತಿ ಗಿತ್ತೀ. ಕಿತ್ತಂಗಿಲ್ಲ. ಅದರ ತೆಳಗ ಖರೇದು ಬರದು ಚುಚ್ಚು. ಎರಡೂ ಇರ್ಲಿ."

ಚುಚ್ಚಿದೆ. ಈಗ ಆ ಸೂಜಿಗೆ ಎರಡು ಚೀಟಿಗಳಿವೆ. ಇಜೇರಿಯವರೆಗೆ ಹೋಗಿ ಹುಡುಕುವ ಶಕ್ತಿ ಸರ್ ಮೊಣಕಾಲಿಗೆ ಉಳಿದಿರಲಿಲ್ಲ.

ಆದರೂ ಖಾಲಾನ ಮುಖ ನೋಡುವ ಧೈರ್ಯ ಬರಲು ಅಮ್ಮಿಯ ಟ್ರಂಕು ತೆರೆಯಬೇಕಾಯಿತು. ಮರುದಿನ ಬೆಳಿಗ್ಗೆಯೇ, ಉತ್ತರಿಯ ನಡುವೆ, ಹಸಿರು ಸೀರೆ ಹಿಡಿದು ಇಜೇರಿಯಲ್ಲಿಳಿದೆ. ಖಾಲಾ ಸೊರಗಿದ್ದಳು, ಹೊರೆ ಹೊರುವುದನ್ನು ಬಿಟ್ಟಿದ್ದಳು. ಚಹಾ ಕೊಟ್ಟಳು, ಸೀರೆ ನೋಡಿ ಅಮ್ಮಿಯನ್ನು ಬೈದಳು, ನಾನು ಯಾಕೆ ಬರಲಿಲ್ಲವೆಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕಡೆಗೆ ನಾನೇ ಬಾಯಿಬಿಟ್ಟೆ. ಅವತ್ತು ಫೋನಿನಲ್ಲಿ ಹೇಳಿದ್ದು ಸುಳ್ಳು ಖಾಲಾ, ಎಂದೆ.

"ಗೊತ್ತದ ಬಿಡು."

"ಯಾವಾಗಿಂದ?"

"ಅವತ್ತೇ. ನನ್ನ ಕೈಯಾಗಿನ ಹುಳ ನನಗ ಮರೀತದೇನು?"

"ಮತ್ತ ಯಾಕ ಸುಮ್ನಿದ್ದಿ ಖಾಲಾ? ನಿನ್ನ ತಪ್ಪು ಅಂತ ಯಾಕ ಹೇಳ್ದಿ?"

ಕಪ್ಪಿನ ತಳದ ಚಹಾ ಅಂಗಳಕ್ಕೆ ಚೆಲ್ಲಿದಳು. "ಅಷ್ಟು ಮಂದಿ ಮುಂದ ನಿನಗ ಸುಳ್ಳಿ ಅನ್ನಿಸ್ಲೇನು? ನನಗ ಮುದುಕಿ ಅಂದ್ರ ಏನೂ ಹೋಗಂಗಿಲ್ಲ. ಅದೇನಿ."

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಸಿಟ್ಟಿತ್ತೋ ಏನೋ, ಇರಬೇಕಾದದ್ದೇ. ನನ್ನ ಅಳು ಮುಗಿಯುವವರೆಗೆ ಕಾದು, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡಳು. "ನಡಿ," ಎಂದಳು.

ಆ ತಗ್ಗಿನಲ್ಲೇ ಗೋದಾಮು ದೊಡ್ಡದಾಗಿ ನಿಂತಿತ್ತು, ತಗಡಿನ ಮಾಡು, ಸುತ್ತ ಮುರುಮು ಕಲ್ಲು ಹಾಸಿದ ಅಂಗಳ. ಊರಿಗೆ ಉಪಯೋಗವಾಗಿದೆ, ಸುಳ್ಳು ಹೇಳಬಾರದು. ಅದರ ಹಿಂಭಾಗಕ್ಕೆ, ಗೋಡೆಗೂ ಪಕ್ಕದ ಹೊಲದ ಬದುವಿಗೂ ನಡುವೆ, ಎತ್ತಿನ ಗಾಡಿಯಷ್ಟು ಅಗಲದ ಕರಡ ಹುಲ್ಲು ಉಳಿದಿತ್ತು. ಖಾಲಾ ಮುಂದೆ, ನಾನು ಹಿಂದೆ. ಅವಳು ಕೋಲಾಡಿಸುತ್ತ ನಿಧಾನಕ್ಕೆ ನಡೆದಳು, ಆ ಕೊನೆಯವರೆಗೆ ಹೋಗಿ ಮತ್ತೆ ಈ ಕೊನೆಗೆ ಬಂದಳು. ಮಿಡತೆಗಳು ಎದ್ದವು, ಒಂದೆರಡು ಸಾದಾ ಪತಂಗ ಎದ್ದವು. ಬೆಳ್ಳಿಯ ತುಂಡುಗೆರೆಯದು ಏಳಲಿಲ್ಲ. ಬುಡ ಬಿಡಿಸಿ ನೋಡಿದಳು, ಕೊಳವೆಯೂ ಇರಲಿಲ್ಲ. ಬಿಸಿಲೇರುವವರೆಗೆ ಮೂರು ಸಲ ತಿರುಗಿದೆವು.

ನಾನು ಬದುವಿನ ಮೇಲೆ ಕೂತು ನೋಟ್ ಬುಕ್ ತೆಗೆದೆ. ಊರು, ಇಜೇರಿ. ದಿನ, ಅವತ್ತಿನದು. ನೋಡಿದವರು ಎಂಬಲ್ಲಿ ಮೈಬೂಬಿ ಎಂದು ಮೊದಲು ಬರೆದು, ಅದರ ಕೆಳಗೆ ನನ್ನ ಹೆಸರು ಹಾಕಿದೆ.

"ಏನ್ ಬರ್ಯಾಕತ್ತಿ?" ಖಾಲಾ ಕೋಲೂರಿ ನಿಂತು ಕೇಳಿದಳು.

"ಇಲ್ಲ ಅಂತ ಬರ್ಯಾಕತ್ತೇನಿ ಖಾಲಾ. ಪತಂಗ ಇಲ್ಲ."

"ಹಂಗ ಬರೀಬ್ಯಾಡ." ಹುಲ್ಲಿನ ಕಡೆ ಇನ್ನೊಮ್ಮೆ ನೋಡಿದಳು. "ಇವತ್ತ ಕಾಣ್ಲಿಲ್ಲ ಅಂತ ಬರಿ. ಇಲ್ಲ ಅಂತ ಬರದ್ರ ಸುಳ್ಳಾಗ್ತದ."

ಇಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದು ಎಂದಳು. ಓದಿದೆ.